ಪೇಟಿ ಮಾಸ್ತರರ ಭೀಮಪಲಾಸ

ಬಸ್ಸು ಬಾರದೆ ಹೋಗಬಹುದಿತ್ತು. ಬಂದರೂ, ಹಾರ್ಮೋನಿಯಂ ಪೆಟ್ಟಿಗೆಯನ್ನು ಟಾಪಿನ ಮೇಲೆ ಹಾಕೆಂದು ಕಂಡಕ್ಟರ್ ಹಟ ಹಿಡಿಯಬಹುದಿತ್ತು. ಹಾಕಿದರೆ ಶಿರಾಳಕೊಪ್ಪದಿಂದ ಸೊರಬದವರೆಗಿನ ಯಾವುದೋ ಒಂದು ಗುಂಡಿಯಲ್ಲಿ ಒಳಗಿನ ರೀಡು ಕಳಚಬಹುದಿತ್ತು. ತಿದಿಯನ್ನು ಇಲಿ ಕಡಿದಿರಬಹುದಿತ್ತು. ತೇವ ಹಿಡಿದಾಗ ಮಂದ್ರ ಪಂಚಮದ ಬಿಳಿ ಮನೆ ಒತ್ತಿದರೆ ಮೇಲೇಳುತ್ತಿರಲಿಲ್ಲ. ಅದು ನಾನು ಸಭೆಯಲ್ಲಿ ಬಾರಿಸಬೇಕಾದ ಅವತ್ತೇ ಮಲಗಿಬಿಡಬಹುದಿತ್ತು. ತಬಲಾದವನ ಊರು ಉಳವಿ. ಅವನ ಬಸ್ಸು ಬೇರೆ, ಹಾಗಾಗಿ ಅದರ ಚಿಂತೆಯೂ ಬೇರೆ. ಕರೆಂಟಿನ ವಿಷಯದಲ್ಲಿ ಮಾತ್ರ ನೆಮ್ಮದಿ ಇತ್ತು, ಅದು ಹೋಗೇ ಹೋಗುತ್ತದೆಂದು ಇಟ್ಟುಕೊಂಡಿದ್ದೆ. ಹಿಂದಿನ ವಾರ ಕ್ಯಾಸನೂರು ಕಡೆಯ ನೆಂಟರೊಬ್ಬರು ಬಂದು ಪೆಟ್ಟಿಗೆಯ ಮೇಲೆ ಟವೆಲ್ಲು ಹಾಕಿದ್ದರು. ಅದರಿಂದ ರಕ್ತ ಹೀರುವ ಉಣುಗು ಇಳಿದು, ನನಗೆ ಹತ್ತಿ, ನಾನು ಮಂಗನ ಕಾಯಿಲೆಯ ಜ್ವರದಲ್ಲಿ ವೇದಿಕೆ ಏರುವ ಸಾಧ್ಯತೆಯನ್ನೂ ಬಿಟ್ಟಿರಲಿಲ್ಲ. ಇನ್ನು ಸೀನು, ಬಿಕ್ಕಳಿಕೆ, ತಿದಿಗೆ ಸಿಕ್ಕಿಕೊಳ್ಳುವ ಪಂಚೆ, ಇವೆಲ್ಲ ಚಿಲ್ಲರೆ.

“ಇಷ್ಟೆಲ್ಲಾ ಆಗ್ತತಿ ಅಂತೀಯಲ್ಲೋ, ಏನೂ ಆಗ್ಲಿಲ್ಲಂದ್ರೆ ಏನ್ ಮಾಡ್ತಿ?” ಎಂದು ಅವ್ವ ಕೇಳಿದ್ದಳು. ಅದಕ್ಕೆ ಮಾತ್ರ ನನ್ನ ಹತ್ತಿರ ಯಾವ ತಯಾರಿಯೂ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಶಿಕಾರಿಪುರದ ಬಟ್ಟೆ ಅಂಗಡಿಯೊಂದರಲ್ಲಿ ಮೀಟರು ಕಡ್ಡಿ ಹಿಡಿದು ನಿಲ್ಲುತ್ತಿದ್ದೆ. ಅಂಗಡಿಗೆ ರಜೆ ಇದ್ದ ದಿನ ಶಿರಾಳಕೊಪ್ಪಕ್ಕೆ ಹೋಗಿ ಮಾಸ್ತರರ ಮುಂದೆ ಕೂರುತ್ತಿದ್ದೆ. ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಪೇಟಿ ಬಾರಿಸಿದವರು ಅವರು. ಹಾರ್ಮೋನಿಯಮ್ಮಿಗೆ ನಮ್ಮಲ್ಲಿ ಪೇಟಿ ಎನ್ನುತ್ತೇವೆ, ಅವರನ್ನು ಊರೆಲ್ಲ ಪೇಟಿ ಮಾಸ್ತರರೆಂದೇ ಕರೆಯುತ್ತಿತ್ತು. ಲಕ್ವ ಹೊಡೆದು ಅವರ ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಬಲಗೈ ಹಾಗೇ ಇತ್ತು, ಬೆರಳಲ್ಲಿ ಮೊದಲಿನ ಓಟವೇ ಇತ್ತು. ತಿದಿ ಒತ್ತುವ ಕೈ ಇಲ್ಲದೆ ಆ ಓಟ ಬರೀ ಟಕಟಕ ಎನ್ನುತ್ತಿತ್ತು.

ಅವರೇ ಕಟ್ಟಿದ, ಭೀಮಪಲಾಸ ರಾಗದ ಒಂದು ಗತ್ ಇತ್ತು, ಹಾಡಿಲ್ಲದೆ ವಾದ್ಯದಲ್ಲೇ ಬಾರಿಸುವಂಥದ್ದು. ಕಂಪನಿಯಲ್ಲಿ ಅದನ್ನು ಪರದೆ ಏಳುವ ಮುಂಚೆ ಬಾರಿಸುತ್ತಿದ್ದರಂತೆ. ಆಗ ಜನ ಜಾಗಕ್ಕೆ ಜಗಳಾಡುತ್ತಿರುತ್ತಿದ್ದರು, ಮಾಸ್ತರರು ಮೂಲೆಯಲ್ಲಿ ಪರದೆಯ ಕಡೆ ಮುಖಮಾಡಿ ಕೂತಿರುತ್ತಿದ್ದರು. ಯಾರಾದರೂ ಕೇಳಿದರೋ ಇಲ್ಲವೋ ಅವರಿಗೆ ಕೊನೆಗೂ ಗೊತ್ತಾಗಿರಲಿಲ್ಲ.

“ಒಂದ್ಸಲ ಜನದ ನಡುವೆ ಕೂತು ಅದನ್ನ ಕೊನೀತನಕ ಕೇಳ್ಬೇಕು ತಮ್ಮಾ. ನಾನು ಬಾರಿಸೋದಂತೂ ಮುಗೀತು. ನೀನು ಬಾರ್ಸು.”

ಅವರ ಶಿಷ್ಯರಲ್ಲಿ ಉಳಿದವನು ನಾನೊಬ್ಬನೇ. ಆಯ್ಕೆಯ ಪ್ರಶ್ನೆ ಇರಲಿಲ್ಲ.

ಎಂಟು ತಿಂಗಳು ತಿಕ್ಕಿದೆವು. ಒಂದೊಂದು ಸಾಲನ್ನೂ ಬಿಡಿಬಿಡಿಯಾಗಿ, ಮೊದಲು ಅರ್ಧ ವೇಗದಲ್ಲಿ, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಅವರು ಬೇಕೆಂದೇ ಕೆಮ್ಮುತ್ತಿರುವಾಗ. ಇಡೀ ಗತ್ತನ್ನು ಒಂದೇ ಉಸಿರಿಗೆ ಬಾರಿಸಲು ಒಮ್ಮೆಯೂ ಬಿಡಲಿಲ್ಲ. ಅದು ಕಂಪನಿಯವರ ನಂಬಿಕೆ. “ಮನ್ಯಾಗ ಪೂರಾ ಬಾರಿಸಿದ್ರೆ ಅಲ್ಲೇ ಖರ್ಚಾಗ್ತತಿ. ಸಭೆಗೆ ಏನು ಉಳೀತತಿ, ಬೂದಿ?” ಎನ್ನುತ್ತಿದ್ದರು.

ಬೆರಳು ಹೇಗೋ ಹದಕ್ಕೆ ಬಂದವು. ಬಾರದೇ ಹೋದದ್ದು ಮೌನ. ಕೊನೆಯ ದ್ರುತಕ್ಕೆ, ಆ ವೇಗದ ಭಾಗಕ್ಕೆ, ಹಾರುವ ಮುನ್ನ ತಾಳದ ಒಂದು ಆವರ್ತನ, ಹದಿನಾರು ಮಾತ್ರೆ, ಪೇಟಿ ತಬಲಾ ಎರಡೂ ಸುಮ್ಮನಿರಬೇಕು. ತಿದಿಯಲ್ಲಿ ಗಾಳಿ, ಮನೆಗಳ ಮೇಲೆ ಬೆರಳು, ಸದ್ದಿಲ್ಲ. ನಾನು ಹನ್ನೆರಡಕ್ಕೋ ಹದಿಮೂರಕ್ಕೋ ಹೆದರಿ ನುಗ್ಗಿಬಿಡುತ್ತಿದ್ದೆ.

“ಯಾರಾರ ಅಟ್ಟಿಸ್ಕೊಂಡು ಬಂದ್ರೇನೋ?”

“ಇಲ್ಲ ಮಾಸ್ತರ್ರೇ, ಮರ್ತೋಯ್ತು ಅನ್ಕೋತಾರೇನೋ ಅಂತ…”

“ಅನ್ಕೊಳ್ಳಲಿ. ಕೂರು.”

ಪೇಟಿಯ ಮೇಲೆ ಕೈ ಇಲ್ಲದಾಗ ಮಾತ್ರೆ ಎಣಿಸಿ ರೂಢಿಯಾಗಲೆಂದು ಬಲಗೈ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆರೆಗಳ ಮೇಲೆ ನಡೆಸುವುದನ್ನು ತೋರಿಸಿಕೊಟ್ಟರು: ಕಿರುಬೆರಳಿನ ಬುಡದಿಂದ ಶುರು, ಬೆರಳಿಗೆ ನಾಲ್ಕು, ತೋರುಬೆರಳಿನ ತುದಿಗೆ ಹದಿನಾರು. ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೂ ನನ್ನ ಹೆಬ್ಬೆರಳು ನಡೆಯುತ್ತಿತ್ತು. “ಲೆಕ್ಕ ಹಾಕೋದು ಮೀಟರೋ, ಮಾತ್ರೆನೋ?” ಎಂದು ಸಾಹುಕಾರರು ಬೈಯುತ್ತಿದ್ದರು. ಏಳನೆಯ ತಿಂಗಳ ಕೊನೆಗೆ ಹದಿನಾರರವರೆಗೆ ಸುಮ್ಮನಿರಲು ಬಂತು. ಜೀವನದಲ್ಲಿ ನಾನು ಕಲಿತ ಏಕೈಕ ಧೈರ್ಯವದು.

ಸೊರಬದ ಒಂದು ಸಭಾಭವನದಲ್ಲಿ ಹುಣ್ಣಿಮೆಗೊಮ್ಮೆ ಉಪನ್ಯಾಸ ನಡೆಯುತ್ತಿತ್ತು. ಉಪನ್ಯಾಸಕ್ಕೆ ಮೊದಲು ಅರ್ಧ ಗಂಟೆ ಸಂಗೀತ. ಅಲ್ಲಿ ನನಗೊಂದು ಸಂಜೆ ಸಿಕ್ಕಿತು.

ಮುಂದೇನಾಯಿತೆಂದು ಓದುವವರನ್ನು ಕಾಯಿಸುವ ಎದೆ ನನಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆ ಸಂಜೆಯ ನಂತರ ಮಾಸ್ತರರು ಒಂದೂವರೆ ವರ್ಷ ಇದ್ದರು. ನಾನು ಹೋಗುತ್ತಿದ್ದೆ, ಅವರು ಬೇರೆ ಏನೇನೋ ಕಲಿಸಿದರು. ಭೀಮಪಲಾಸ ತೆಗೆ ಎನ್ನಲಿಲ್ಲ. ನಾನೇ ಒಂದು ಸಲ, “ಇಲ್ಲೇ ಪೂರ್ತಿ ಬಾರಿಸ್ಲಾ ಮಾಸ್ತರ್ರೇ?” ಎಂದೆ. “ಇಲ್ಲಿ ಯಾರದಾರಪ್ಪಾ, ಗೋಡೆ ಅದಾವು” ಎಂದರು. ಅವರು ಹೋದ ಮೇಲೆ ಅದನ್ನು ಕೇಳಬೇಕೆನ್ನುವವರು ಯಾರೂ ಉಳಿಯಲಿಲ್ಲ. ಈಗ ಐವತ್ತು ದಾಟಿದ ನನ್ನ ಬೆರಳಿಗೆ ಆ ದ್ರುತ ಹತ್ತುವುದೂ ಇಲ್ಲ.

ಅವತ್ತು ಬಸ್ಸು ಬಂತು. ಕಂಡಕ್ಟರ್ ಮಾಸ್ತರರ ಕಾಲು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ, ಪೇಟಿ ನನ್ನ ತೊಡೆಯ ಮೇಲೆ ಬಂತು. ಉಳವಿಯವನು ನಮಗಿಂತ ಮೊದಲೇ ಬಂದು ಮಂಡಕ್ಕಿ ತಿನ್ನುತ್ತಿದ್ದ. ಪಂಚಮ ಎದ್ದಿತು. ಕರೆಂಟು ಹೋಗಲಿಲ್ಲ, ನನಗೆ ಅದೇ ಅನುಮಾನ ತರಿಸಿತು. ಮಾಸ್ತರರು ಮೂರನೆಯ ಸಾಲಿನಲ್ಲಿ, ಹೆಂಗಸರು ಗಂಡಸರು ಮಕ್ಕಳ ನಡುವೆ, ಕೋಲನ್ನು ಕಾಲಿನ ಸಂದಿಯಲ್ಲಿ ಇಟ್ಟುಕೊಂಡು ಕೂತರು.

ಚೆನ್ನಾಗಿ ಬಾರಿಸಿದೆ. ಇದನ್ನು ನಾನು ಯಾವತ್ತೂ ನನ್ನ ಬಗ್ಗೆ ಹೇಳಿಕೊಂಡವನಲ್ಲ. ಜನ ಕೇಳುತ್ತಿದ್ದರು, ಒಬ್ಬಾಕೆ ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಹೋಗಿ ಬಾಗಿಲಲ್ಲೇ ನಿಂತು ಕೇಳಿದಳು. ಮೌನ ಬಂತು. ತಬಲಾ ನಿಂತಿತು. ನಾನು ಕೂತೆ, ಎದೆ ಹೊಡೆದುಕೊಳ್ಳದೆ, ಯಾರೂ ಅಟ್ಟಿಸಿಕೊಂಡು ಬಾರದವನಂತೆ ಕೂತೆ. ಅಷ್ಟು ನಿರಾಳವಾಗಿ ಕೂತಿದ್ದಕ್ಕೇ ಇರಬೇಕು, ಒಂಬತ್ತನೆಯ ಮಾತ್ರೆಗೆ ನಿರೂಪಕರು, ನಿವೃತ್ತ ಮೇಷ್ಟ್ರು, ಗಡಿಯಾರ ನೋಡಿ ಮೈಕು ಎಳೆದುಕೊಂಡರು.

“ಬಹಳ ಸೊಗಸಾಗಿ ನುಡಿಸಿದ ಕಲಾವಿದರಿಗೆ ಸಭೆಯ ಪರವಾಗಿ ಧನ್ಯವಾದಗಳು. ಈಗ ಉಪನ್ಯಾಸ…”

ಚಪ್ಪಾಳೆ ಬಿತ್ತು. ಒಳ್ಳೆಯ, ಮನಸಾರೆ ತಟ್ಟಿದ ಚಪ್ಪಾಳೆ. “ಇನ್ನೂ ಐತಲ್ರೀ! ಹಿಡೀರಿ, ಹಿಡೀರಿ” ಎಂದು ಉಳವಿಯವನು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. ನಾಲ್ಕೈದು ಮಾತ್ರೆ ಬಾಕಿ ಇದ್ದವು. ಹಿಡಿಯಬಹುದಿತ್ತು. ಹಿಡಿದಿದ್ದರೆ ನಿರೂಪಕರು ನಾಲಿಗೆ ಕಚ್ಚಿಕೊಂಡು ಕೂರುತ್ತಿದ್ದರು, ಅಷ್ಟೇ. ಮೂರನೆಯ ಸಾಲಿನಲ್ಲಿ ಮಾಸ್ತರರು ತಲೆ ತಗ್ಗಿಸಿ ಇನ್ನೂ ಎಣಿಸುತ್ತಿದ್ದರು. ಚಪ್ಪಾಳೆಯ ನಡುವೆಯೇ ಅವರ ಹೆಬ್ಬೆರಳು ಮಧ್ಯದ ಬೆರಳು ದಾಟಿ ತೋರುಬೆರಳಿಗೆ ಬಂತು, ತುದಿಗೆ ಹತ್ತಿತು. ಆಗ ತಲೆ ಎತ್ತಿ ನನ್ನ ಕೈ ನೋಡಿದರು.

ಜನ ಚಪ್ಪಾಳೆ ತಟ್ಟುತ್ತಿದ್ದಾರಲ್ಲ ಎಂದು, ನಾನು ಕೈ ಮುಗಿದುಬಿಟ್ಟಿದ್ದೆ.