ಗಡಿಯಾರ ಹಿಡಿದು ಓಡಿದವನು

ಇವತ್ತು ಪರದೇಶದ ಈ ಕೆಂಟನ್ ಊರಿನ ನಮ್ಮ ಮನೆಯಲ್ಲಿ ಮೊಮ್ಮಗಳು ಮೊಣಕಾಲಿಗೆ ನೀಲಗಿರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆಗೆ, ಅಪ್ಪಯ್ಯ ನನ್ನ ಕಾಲಿಗೆ ಅದೇ ಎಣ್ಣೆ ತಿಕ್ಕುತ್ತಿದ್ದ ಕುಂದಾಪುರದ ನಮ್ಮ ಜಗಲಿ ಕಣ್ಣೆದುರು ಬಂತು.

ಅಲ್ಲಿ ಗೋಡೆಯ ಮೇಲೆ ಪತ್ರಿಕೆಯಿಂದ ಕತ್ತರಿಸಿದ, ಫಿನ್ಲೆಂಡಿನ ಓಟಗಾರನೊಬ್ಬನ ಚಿತ್ರವಿತ್ತು. ಬಾಲ್ಯದಲ್ಲಿ ತಳ್ಳುಗಾಡಿ ತಳ್ಳಿ ಕಾಲು ಗಟ್ಟಿಮಾಡಿಕೊಂಡವನು, ಒಲಿಂಪಿಕ್ಸ್‌ನಲ್ಲಿ ಚಿನ್ನದ ಮೇಲೆ ಚಿನ್ನ ಗೆದ್ದವನು. ಓಡುವಾಗ ಯಾರನ್ನೂ ನೋಡದೆ, ಕೈಯಲ್ಲಿದ್ದ ಗಡಿಯಾರವನ್ನಷ್ಟೇ ನೋಡುತ್ತಿದ್ದನಂತೆ. ಅಪ್ಪಯ್ಯ ದೇವರಿಗೆ ದೀಪ ಹಚ್ಚಿದ ಮೇಲೆ ಅವನಿಗೂ ಕೈಮುಗಿಯುತ್ತಿದ್ದರು. ಆಮೇಲೆ ತಮ್ಮ ಗಡಿಯಾರವನ್ನು ನನ್ನ ಅಂಗೈಗೆ ಕೊಟ್ಟು ಕಡಲದಂಡೆಯಲ್ಲಿ ಓಡಿಸುತ್ತಿದ್ದರು.

"ಹೆಣೆ, ಹಿಂದೆ ತಿರ್ಗಿ ಕಾಣ್ಬೇಡ" ಎನ್ನುತ್ತಿದ್ದರು; ಹೆಣೆ ಎಂದರೆ ನಮ್ಮೂರಲ್ಲಿ ಹುಡುಗೀ, ಕಾಣುವುದು ಎಂದರೆ ನೋಡುವುದು.

ಜಿಲ್ಲಾ ಮಟ್ಟದ ಓಟದ ಕೊನೆಯ ಸುತ್ತಿನಲ್ಲಿ ನಾನೇ ಬಹಳ ಮುಂದಿದ್ದೆ. ಆದರೂ ಬೆನ್ನಿಗೇ ಹೆಜ್ಜೆಸದ್ದು ಕೇಳಿತು. ಅದು ನನ್ನ ಅಂಗೈಯಲ್ಲಿದ್ದ ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಬೀಳುತ್ತಿತ್ತು. ತಿರುಗಿದೆ. ಯಾರೂ ಇರಲಿಲ್ಲ. ನಾನು ಬೆಚ್ಚಿ ನಿಂತಾಗ, ದೂರದಲ್ಲಿದ್ದ ಹುಡುಗಿ ದಾಟಿಹೋಗಿ ಗೆದ್ದಳು.

ಅಪ್ಪಯ್ಯ ಬೈಯಲಿಲ್ಲ. "ನಾನೂ ಓಡ್ವಾಗ ಒಂದ್ಸಲ ತಿರ್ಗಿ ಕಂಡಿದ್ದೆ" ಎಂದರು, ಅಷ್ಟೇ.

ಇದನ್ನು ಈ ಮನೆಯಲ್ಲಿ ನಾನು ಯಾರಿಗೂ ಹೇಳಿಲ್ಲ. ಎಣ್ಣೆಯ ಮುಚ್ಚಳ ಹಾಕುತ್ತಾ ಮೊಮ್ಮಗಳು ಕೇಳಿದಳು: "ಅಜ್ಜಿ, ಪ್ರಾಕ್ಟೀಸಲ್ಲಿ ಯಾರೋ ನನ್ ಹಿಂದೇನೇ ಓಡ್ತಾರೆ, ತಿರುಗಿದ್ರೆ ಯಾರೂ ಇರಲ್ಲ. ಹೂ ಈಸ್ ಇಟ್, ಯಾರದು?"

ಕಪಾಟಿನಿಂದ ಅಪ್ಪಯ್ಯನ ಗಡಿಯಾರ ತೆಗೆದು ಅವಳ ಅಂಗೈಯಲ್ಲಿಟ್ಟೆ.

"ಯಾರಾದ್ರೂ ಇರ್ಲಿ. ನಾಳೆ ನಿನ್ ರೇಸು. ತಿರ್ಗಿ ಕಾಣ್ಬೇಡ."