ಎಡಕ್ಕೆ ಬಿದ್ದ ಹೂವು

ನೀಲಾ, ಅವತ್ತು ದೇವರು ಕೊಟ್ಟದ್ದು ಎಡಗಡೆಯ ಹೂವು. ನಾನು ಬಲಗಡೆ ಅಂದೆ.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು. ಮೂರನೇ ತರಗತಿಗೇ ಶಾಲೆ ಬಿಟ್ಟವಳ ಅಕ್ಷರ ಇದು, ಸೊಟ್ಟಗಿದ್ದರೆ ಸಹಿಸಿಕೋ. ಎದುರು ಕೂತು ಹೇಳೋಣವೆಂದರೆ, ರೊಟ್ಟಿ ತಟ್ಟುತ್ತಿದ್ದ ನೀನು ‘ಏನತ್ತೆ?’ ಅಂತ ತಲೆ ಎತ್ತಿದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ.

ನಿನ್ನ ಮಗಳು ವಿಮಲ ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆ ಅದು. ಮಲವಗೊಪ್ಪದಿಂದ ನಿನ್ನ ಅಣ್ಣ ಮಲ್ಲೇಶಪ್ಪ ಭದ್ರಾವತಿಗೆ ಬಂದು, ತನ್ನ ಮಗನಿಗೆ ಹುಡುಗಿಯನ್ನು ಕೇಳಿದ. ನಿನ್ನ ಮುಖ ಎಷ್ಟು ಅರಳಿತ್ತು! ಮಗಳು ತನ್ನ ತವರಿಗೇ ಸೊಸೆಯಾಗಿ ಹೋಗುವುದು ಯಾವ ತಾಯಿಗೆ ಬೇಡ? ಹುಡುಗಿಯೋ, ಶಿವಮೊಗ್ಗದ ಕಾಲೇಜಿಗೆ ಸೇರಬೇಕೆಂದು ಊಟ ಬಿಟ್ಟು ಮೂಲೆ ಹಿಡಿದಿದ್ದಳು. ಕಾರ್ಖಾನೆಯಲ್ಲಿ ಕಾದ ಕಬ್ಬಿಣಕ್ಕೆ ಹೆದರದ ನನ್ನ ಮಗ ನಿಮ್ಮಿಬ್ಬರ ನಡುವೆ ಬೆವತುಹೋದ.

‘ಮನೆದೇವರನ್ನೇ ಕೇಳಿಬಿಡಾಣ ಕಣವ್ವ. ಬಲಕ್ಕೆ ಕೊಟ್ರೆ ಕಾಲೇಜು, ಎಡಕ್ಕೆ ಕೊಟ್ರೆ ಮದ್ವೆ’ ಅಂದ. ನೀನೂ ಒಪ್ಪಿದೆ. ದೇವರು ನಿನ್ನ ಕಡೆ ಇದ್ದಾನೆಂದು ನಿನಗೆ ಧೈರ್ಯವಿತ್ತು. ಇದ್ದ ಕೂಡ.

ಗುಡಿಯ ಅಯ್ಯನವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ ಪಕ್ಕಕ್ಕೆ ಸರಿದರು. ನೀನು ಮನೆಯಲ್ಲೇ ಉಳಿದಿದ್ದೆ, ನಿನ್ನ ಗಂಡ ಹೊರಗೆ ಕಾಲು ತೊಳೆಯುತ್ತಿದ್ದ. ನಾನೊಬ್ಬಳೇ ಕೈಮುಗಿದು ನಿಂತಿದ್ದೆ. ಎಡ ಭುಜದ ಹೂವು ಅಲುಗಿತು — ಜಾರಿತು — ಬಿತ್ತು.

‘ಯಾವ ಕಡೆ ಆಯ್ತವ್ವ?’

‘ಬಲಗಡೆ, ಅಯ್ನೋರೆ.’

ಅವರು ಗಂಟೆ ಬಾರಿಸಿದರು. ಬಾಗಿಲಿಗೆ ಬಂದಿದ್ದ ನನ್ನ ಮಗ ಅದನ್ನು ಕೇಳಿ ಅಲ್ಲೇ ಉದ್ದಕ್ಕೆ ಅಡ್ಡಬಿದ್ದ. ದೇವರ ಮಾತಿಗಲ್ಲ ನೀಲಾ — ನನ್ನ ಸುಳ್ಳಿಗೆ.

ಆಮೇಲೆ ನಾನೇ ವಿಮಲಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಬಸ್ಸು ಮಲವಗೊಪ್ಪ ದಾಟುವಾಗ ಸೆರಗು ಮುಖಕ್ಕೆಳೆದುಕೊಂಡು ಕೂತಿದ್ದೆ, ನಿನ್ನ ಅಣ್ಣ ಎಲ್ಲಿ ಕಾಣುತ್ತಾನೋ ಎಂದು. ಆದರೆ ಆ ಕಾಲೇಜು — ಏನು ಹೇಳಲಿ! ಅಷ್ಟೆತ್ತರದ ಕಂಬ, ಅಷ್ಟುದ್ದದ ಪಡಸಾಲೆ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟೆ. ಜವಾನ ನಕ್ಕ. ‘ಅಜ್ಜೀ, ಇದು ಗುಡಿಯಲ್ಲ ಮಾರಾಯ್ತಿ, ಮೆಟ್ಕೊಳ್ಳಿ!’ ನಾನು ಮೆಟ್ಟಲಿಲ್ಲ. ಬರಿಗಾಲಲ್ಲೇ ಒಳಗೆ ಹೋದೆ.

ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ನನ್ನನ್ನು ಏನೂ ಕೇಳಲಿಲ್ಲ. ನೇರ ಹುಡುಗಿಯ ಮುಖ ನೋಡಿ, ‘ನಿನಗೆ ಯಾವ ಸಬ್ಜೆಕ್ಟ್ ಬೇಕಮ್ಮ?’ ಅಂದರು.

ನೀಲಾ, ನನ್ನ ಮೈ ಜುಮ್ಮೆಂದಿತು. ಒಂದು ಹೆಣ್ಣುಮಗುವನ್ನು, ನಿನಗೆ ಏನು ಬೇಕು ಅಂತ — ಅದೂ ಕುರ್ಚಿಯ ಮೇಲೆ ಕೂತ ಗಂಡಸು! ಅವಳು ಉಸಿರು ತೆಗೆದುಕೊಳ್ಳದೆ, ‘ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸಾರ್’ ಅಂದಳು. ನನಗೆ ಮಂತ್ರ ಕೇಳಿದ ಹಾಗಾಯಿತು. ಹೊಸಬರಿಗೆ ಕಾಲೇಜಿನ ರೀತಿ ರಿವಾಜು ತಿಳಿಸುವ ಸಭೆ ಇದೆ, ಅದಕ್ಕೂ ಹೆಸರು ಕೊಡಬೇಕು ಅಂದರು. ಬಿಟ್ಟ ಬಾಯಿ ಬಿಟ್ಟಂತೆ ನಿಂತಿದ್ದ ನನ್ನನ್ನು ಆಗ ನೋಡಿ, ‘ನಿಮ್ಮ ಹೆಸರೂ ಬರ್ಕೊಳ್ಳಲಾ ಅಜ್ಜಿ?’ ಎಂದು ತಮಾಷೆ ಮಾಡಿದರು.

‘ಬರ್ಕೊಳ್ಳಪ್ಪ. ಲೆಕ್ಕ ಮಾತ್ರ ಬ್ಯಾಡ’ ಅಂದೆ.

ಸಭೆಯ ದಿನ ಹೊರಗೆ ಕಿಟಕಿ ಸರಳು ಹಿಡಿದು ನೋಡಿದೆ. ಹುಡುಗರ ಸಾಲಿನ ಮುಂದೆ ಬೆರಳೆಣಿಕೆಯ ಹುಡುಗಿಯರು. ಅವರಲ್ಲಿ ನಮ್ಮವಳು, ನೀನು ಹೆಣೆದ ಜಡೆ ಬೆನ್ನ ಮೇಲೆ. ಹೆಸರು ಕೂಗಿದರು. ಎದ್ದು ನಿಂತಳು. ನನಗೆ ಅಳು ಬಂತು, ನಗುವೂ ಬಂತು. ಆ ಸಂತೋಷ ಇವತ್ತಿಗೂ ಎದೆಯಿಂದ ಇಳಿದಿಲ್ಲ. ಅದನ್ನು ಸುಳ್ಳೆಂದರೆ ಇನ್ನೊಂದು ಸುಳ್ಳಾದೀತು.

ಆದರೆ ಆ ಜಡೆ ಹೆಣೆದವಳು ಮನೆಯಲ್ಲಿ ಒಬ್ಬಳೇ ಕೂತಿದ್ದಳು.

ನಿನ್ನ ಅಣ್ಣ ಅಂದ ಮಾತು ನಿನ್ನಷ್ಟೇ ನನಗೂ ನೆನಪಿದೆ. ‘ಕೊಡಾಕೆ ಮನಸ್ಸಿಲ್ಲ ಅಂದಿದ್ರೆ ಆಗಿತ್ತು. ದೇವ್ರನ್ನ ಅಡ್ಡ ತಂದ್ರಿ. ಇನ್ನು ನಮ್ ಹೊಸಿಲು ತುಳೀಬೇಡ.’ ಅವತ್ತಿನಿಂದ ಗೌರಿಹಬ್ಬಕ್ಕೆ ನಿನ್ನ ತವರಿನಿಂದ ಬಾಗಿನ ಬಂದಿಲ್ಲ. ಪ್ರತಿ ಹಬ್ಬಕ್ಕೂ ನೀನು ಬಾಗಿಲ ರಂಗೋಲಿಯನ್ನು ಸುಮ್ಮನೆ ಮತ್ತೆ ಮತ್ತೆ ತಿದ್ದುತ್ತೀಯ, ರಸ್ತೆ ನೋಡುವುದಕ್ಕೆ. ನಾನು ಒಳಗಿನಿಂದ ನಿನ್ನನ್ನು ನೋಡುತ್ತೇನೆ. ‘ದೇವರ ಅಪ್ಪಣೆ ಅತ್ತೆ, ಯಾರನ್ನ ದೂರೋದು’ ಅಂತ ನೀನೇ ನನಗೆ ಸಮಾಧಾನ ಹೇಳಿದ್ದೂ ಉಂಟು. ಆಗಲೂ — ಆಗಲೂ ನಾನು ಬಾಯಿ ಬಿಡಲಿಲ್ಲ.

ಬಿಟ್ಟರೆ ಹುಡುಗಿಯನ್ನು ಕಾಲೇಜು ಬಿಡಿಸಿಯಾರು ಎಂದು ಕಾದೆ. ಮೊನ್ನೆ ಅವಳು ಬಿ.ಎಸ್ಸಿ. ಮುಗಿಸಿದಳು. ಇನ್ನು ಯಾರೂ ಕಸಿದುಕೊಳ್ಳಲಾರರು ಎಂದು ಖಾತ್ರಿಯಾದ ಮೇಲೆ ಬರೆಯುತ್ತಿದ್ದೇನೆ. ಇದೂ ಮೋಸವೇ, ಗೊತ್ತು.

ದೇವರಿಗೆ ಹೇಗೋ ತಪ್ಪುಕಾಣಿಕೆ ಕಟ್ಟಬಹುದು. ನಿನಗೆ? ದೇವರನ್ನು ಕೇಳಿದೆವು, ಕಾಲೇಜಿನವರು ವಿಮಲಳನ್ನು ಕೇಳಿದರು. ಆ ಗುಮಾಸ್ತರು ಕೇಳಿದ್ದಕ್ಕೆ ಅಷ್ಟು ಬೆರಗಾದ ನಾನು, ಮನೆಗೆ ಬಂದು ನಿನ್ನನ್ನು ಒಂದು ಸಲವೂ ಕೇಳಲಿಲ್ಲ — ನಿನಗೇನು ಬೇಕು ನೀಲಾ, ಅಂತ.

ಸೋಮವಾರ ಬೆಳಗಿನ ಬಸ್ಸಿಗೆ ಮಲವಗೊಪ್ಪಕ್ಕೆ ಹೋಗುತ್ತೇನೆ. ಈ ಸಲ ಸೆರಗು ಎಳೆದುಕೊಳ್ಳುವುದಿಲ್ಲ. ನಿನ್ನ ಅಣ್ಣನ ಅಂಗಳದಲ್ಲಿ ನಿಂತು, ಹೂವು ಎಡಕ್ಕೇ ಬಿದ್ದಿತ್ತಪ್ಪ, ನಿನ್ನ ತಂಗಿಗೆ ಗೊತ್ತಿರಲಿಲ್ಲ, ಅನ್ನುತ್ತೇನೆ. ಅವನು ಬೈದರೆ ಬೈಯಲಿ.

ನೀನು ಜೊತೆಗೆ ಬಾ ಎಂದು ಹೇಳುವ ಬಾಯಿ ನನಗಿಲ್ಲ. ಕೇಳುತ್ತಿದ್ದೇನೆ, ಅಷ್ಟೇ. ಬರುತ್ತೀಯಾ?