ಕೆಂಪು ನಲ್ಲಿಯ ತಣ್ಣೀರು

ಗೆಳೆಯರೇ, ಹೆತ್ತ ಮಗಳನ್ನೇ ಸುಡಲು ಹೊರಟವನೆಂದು ಇವತ್ತು ಬೆಳಿಗ್ಗೆ ನಮ್ಮದೇ ಬಚ್ಚಲಲ್ಲಿ ಬೈಸಿಕೊಂಡೆ.

ಕಚ್ಚಾ ಎಣ್ಣೆಯ ಬೆಲೆ ಕುಸಿದು ನಮ್ಮ ಕಂಪನಿಯವರು ಊರಿಗೆ ಹೋಗಿಬರಲು ಕುಟುಂಬಕ್ಕೆ ಕೊಡುತ್ತಿದ್ದ ವಿಮಾನದ ಟಿಕೆಟ್ ನಿಲ್ಲಿಸಿದ್ದಾರೆ. ಹಾಗಾಗಿ ಬಾಣಂತನಕ್ಕೆ ಹೆಂಡತಿ ಹುಬ್ಬಳ್ಳಿಗೆ ಹೋಗಲಿಲ್ಲ, ಅತ್ತೆಯೇ ನಿನ್ನೆ ನಾವಿರುವ ಮಸ್ಕತ್‌ಗೆ ಬಂದಿಳಿದರು. ಇವತ್ತು ಮಣೆಯ ಮೇಲೆ ಕೂತು, ಚಾಚಿದ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ನಾನು ತುಂಬಿಸಿಟ್ಟ ಬಕೀಟಿಗೆ ಕೈ ಅದ್ದಿದರು.

“ನೀರು ಭಾಳ ಸುಡಾಕತ್ತಾವ. ಒಂದೀಟು ತಣ್ಣೀರು ಬಿಡ್ರಿ.”

ನಾನು ಕೆಂಪು ಗುರುತಿನ ನಲ್ಲಿಗೆ ಕೈ ಹಾಕಿದೆ.

“ಅಯ್ಯ, ಅದು ಕೆಂಪ ಐತಲ್ರೀ! ಕೂಸಿನ್ನ ಸುಡ್ತೀರೇನು? ನಾಕು ಮಕ್ಕಳಿಗೆ ಎರದಾಕಿ ನಾ, ಸರೀರಿ ಅತ್ತಾಗ!”

ತಾವೇ ನೀಲಿ ನಲ್ಲಿ ತಿರುಗಿಸಿ ಬೆರಳೊಡ್ಡಿದವರು ಹೌಹಾರಿ ಕೈ ಎಳೆದುಕೊಂಡರು.

ಬೇಸಿಗೆಯಲ್ಲಿ ಇಲ್ಲಿ ತಾರಸಿಯ ಟ್ಯಾಂಕ್ ಕಾದು ಕುದಿಯುತ್ತದೆ, ನೀಲಿ ನಲ್ಲಿಗೆ ನೇರ ಬರುವುದು ಅದೇ ನೀರು. ಅದಕ್ಕೇ ನಾವೆಲ್ಲ ಗೀಸರ್ ಆರಿಸಿಡುತ್ತೇವೆ. ಮನೆಯೊಳಗಿನ ಎಸಿಗೆ ಗೀಸರಿನಲ್ಲಿ ನಿಂತ ನೀರು ತಣ್ಣಗಾಗಿ ಕೆಂಪು ನಲ್ಲಿಯಲ್ಲಿ ಬರುತ್ತದೆ. ಇಷ್ಟನ್ನೂ ವಿವರಿಸಿದೆ. ಅತ್ತೆ ನಂಬಲಿಲ್ಲ. ಎರಡೂ ನಲ್ಲಿಗಳನ್ನು ಮತ್ತೆ ಮತ್ತೆ ತಿರುಗಿಸಿ, ಮುಟ್ಟಿ ಮುಟ್ಟಿ ನೋಡಿದರು. ಕೂಸೂ ಅಳು ನಿಲ್ಲಿಸಿ ನೋಡುತ್ತಿತ್ತು.

“ತಣ್ಣೀರಿಗೆ ಗೀಸರ್ ಇಟ್ಟೀರಿ ಅಂದ್ರ, ಬಿಸಿನೀರಿಗೆ ಫ್ರಿಜ್ ಇಟ್ಟೀರೇನ್ರೀ?”

ತಣ್ಣೀರಿಗೆ ಕೆಂಪು ನಲ್ಲಿ ಹಿಡಿದದ್ದೇ ಅಪ್ಪನಾದ ಮೇಲೆ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ. ಚಳಿಗಾಲ ಬಂದು ಗೀಸರ್ ಹಚ್ಚಿದೆವೆಂದರೆ ಇದೂ ತಪ್ಪೇ.